ಕಿಡಕಿ ಕದಕ್ಕೆ ಯಾವ ಕಟ್ಟಿಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಆಳಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ ಇದೆ. ಆರು ಕಿಡಕಿಗಳ ಚೌಕಟ್ಟು ಇನ್ನೂ ಗಟ್ಟಿಯಾಗಿವೆ, ಕದಗಳು ಮಾತ್ರ ಕೊಳೆತು ಹೋಗಿವೆ. ಅದೇ ಹಳೇ ಮಾದರಿಯಲ್ಲಿ, ಗಾಜು ಕೂಡಿಸಿ ಎರಡು ಕದದ ಕಿಡಕಿ ಮಾಡಿಸಬೇಕು. ಬಡಿಗೇರರು ಹೊಲದ ಬೇವು ಸಾಕು ಅನ್ನುತ್ತಾರೆ, ಕಟ್ಟಿಗೆ ಅಡ್ಡೆಯವರು ಮಲೇಷಿಯಾ ಸಾಲ್ ಒಯ್ಯಿರಿ ಅನ್ನುತ್ತಾರೆ, ತಮ್ಮ ಅಲ್ಯೂಮಿನಿಯಂ ಹಾಕಿಸು ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ತಮ್ಮನ ಮಾತು ಸದ್ಯ ಬದಿಗಿಡಿ. ಬಡಿಗೇರರು ಮತ್ತು ಅಡ್ಡೆಯವರು ಹೇಳುವುದು ಸುಳ್ಳಲ್ಲ, ಆದರೆ ಅವರಿಬ್ಬರೂ ಚೌಕಟ್ಟಿನ ಮರ ಹೇಳುತ್ತಿದ್ದಾರೆ, ನೀವು ಕೇಳುತ್ತಿರುವುದು ಕದದ ಮರ. ಚೌಕಟ್ಟನ್ನು ಗೋಡೆ ಹಿಡಿದುಕೊಂಡಿರುತ್ತದೆ, ಅದು ಸ್ವಲ್ಪ ಮುನಿಸಿಕೊಂಡರೂ ಎಲ್ಲೂ ಹೋಗುವುದಿಲ್ಲ. ಕದಕ್ಕೆ ಆ ಭಾಗ್ಯ ಇಲ್ಲ. ಒಂದೇ ಬದಿಯ ಕೀಲಿನ ಮೇಲೆ ತೂಗಬೇಕು, ಹೊರಗಿನ ಮುಖ ಮೇ ತಿಂಗಳ 42 ಡಿಗ್ರಿ ಬಿಸಿಲು ತಿನ್ನಬೇಕು, ಒಳಗಿನ ಮುಖ ಮಣ್ಣಿನ ಮನೆಯ ತಂಪಿನಲ್ಲಿರಬೇಕು, ಆಗಸ್ಟ್ ಬಂದರೆ ಇಡೀ ಕದ ನೀರಿನ ಗಾಳಿ ಕುಡಿಯಬೇಕು. ಇಷ್ಟಾದರೂ ಒಂದೂಕಾಲು ಇಂಚು ದಪ್ಪದ ಆ ಕಟ್ಟು ತಿರುಚಬಾರದು. ಹಾಗಾಗಿ ಕದಕ್ಕೆ ಗಟ್ಟಿ ಮರಕ್ಕಿಂತ ಅಲುಗಾಡದ ಮರ ಬೇಕು, ಜೊತೆಗೆ ಹಗುರವೂ ಇರಬೇಕು.

ಬೇವು ತೊಗೊಳ್ಳಿ. ಅದರ ಕಹಿಗೆ ಗೆದ್ದಲು ಬೇಗ ಹತ್ತಿರ ಬರುವುದಿಲ್ಲ, ಹೊಲದಲ್ಲೇ ಇದ್ದರೆ ದುಡ್ಡೂ ಉಳಿಯುತ್ತದೆ. ಆದರೆ ಅದರ ಎಳೆ ಒಂದು ಪದರ ಇತ್ತ, ಇನ್ನೊಂದು ಪದರ ಅತ್ತ ಹೆಣೆದುಕೊಂಡಿರುತ್ತದೆ. ಬಡಿಗೇರರು ರಂದಾ ಹೊಡೆಯುವಾಗ ನೋಡಿ, ಒಂದು ಗೇಣು ನುಣ್ಣಗೆ ಬರುತ್ತದೆ, ಮುಂದಿನ ಗೇಣು ಚಕ್ಕೆ ಎದ್ದು ತರಕಾಗುತ್ತದೆ. ಎಳೆಗಳು ಹಾಗೆ ಹೆಣೆದುಕೊಂಡ ಮರ ಒಣಗುವಾಗ ತಿರುಚುತ್ತದೆ. ಚೌಕಟ್ಟಿಗೆ ಬೇವು ನಡೆಯುತ್ತದೆ, ಕದದ ನಿಲುವು ಪಟ್ಟಿಗೆ ನಾನಂತೂ ಹಾಕಿಸುವುದಿಲ್ಲ. ಜಾಲಿಯ ಕಥೆಯೂ ಅದೇ. ನಮ್ಮ ಕಡೆ ಬಂಡಿ ಗಾಲಿಗೆ ಜಾಲಿ, ಕುಂಟೆಗೆ ಜಾಲಿ, ಕೊಡಲಿ ಕಾವಿಗೂ ಜಾಲಿ. ಕೆರೆಯಲ್ಲಿ ತಿಂಗಳುಗಟ್ಟಲೆ ನೆನೆಹಾಕಿ ತೆಗೆದರೆ ಹುಳ ಕೂಡ ಮುಟ್ಟುವುದು ಕಡಿಮೆ. ಆದರೆ ಕಬ್ಬಿಣದಷ್ಟು ಭಾರ, ಗಾಜನ್ನೂ ಕೂಡಿಸಿ ಜಾಲಿ ಕದ ನೇತುಹಾಕಿದರೆ ಕೀಲಿನ ತಿರುಪುಗಳು ನಾಲ್ಕು ವರ್ಷದಲ್ಲಿ ಅಳ್ಳಾಡುತ್ತವೆ.

ಇನ್ನು ಮಲೇಷಿಯಾ ಸಾಲ್. ಅದು ಒಂದು ಮರದ ಹೆಸರೇ ಅಲ್ಲ, ವ್ಯಾಪಾರದ ಹೆಸರು. ಆ ಹೆಸರಿನಲ್ಲಿ ಹಲವು ಜಾತಿಯ ಕೆಂಪು ಮರಗಳು ಬರುತ್ತವೆ, ಈ ಲಾರಿಯದ್ದು ಚೆನ್ನಾಗಿದ್ದರೆ ಮುಂದಿನ ಲಾರಿಯದ್ದು ಹಾಗೇ ಇರಬೇಕೆಂದಿಲ್ಲ. ನಮ್ಮ ದೇಶದ ಸಾಲ್ ಕೂಡ ಭಾರ, ಒಣಗುವಾಗ ಸೀಳುತ್ತದೆ. ಚೌಕಟ್ಟಿಗೆ ಹಾಕಿಸಿ, ಕದಕ್ಕೆ ಬೇಡ. ಮಾವು ಮತ್ತು ನೀಲಗಿರಿಯ ಬಗ್ಗೆ ಮಾತೇ ಬೇಡ.

ಹಾಗಾದರೆ ಉಳಿದದ್ದು ತೇಗ, ಅಂದರೆ ನಮ್ಮ ಸಾಗವಾನಿ. ಹೊನ್ನೆ ಸಿಕ್ಕರೆ ಅದೂ ಒಳ್ಳೆಯದೇ, ನಮ್ಮ ಅಡ್ಡೆಗಳಲ್ಲಿ ಸಿಗುವುದು ಅಪರೂಪ. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯವರು ದೇಶದ ಮರಗಳನ್ನು ಅಳೆಯುವಾಗ ತೇಗಕ್ಕೆ 100 ಅಂಕ ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೋಲಿಸಿದರು. ಬಲದಲ್ಲಿ ತೇಗವನ್ನು ಮೀರಿಸುವ ಮರಗಳು ಬೇಕಾದಷ್ಟಿವೆ, ಒಣಗಿದ ಮೇಲೆ ತನ್ನ ಆಕಾರ ಉಳಿಸಿಕೊಳ್ಳುವುದರಲ್ಲಿ ಮೀರಿಸುವವು ಕಡಿಮೆ. ಕದಕ್ಕೆ ಬೇಕಾದದ್ದು ಆ ಗುಣವೇ ಅಲ್ವಾ?

ಆದರೆ ತೇಗ ಅಂದಾಕ್ಷಣ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ನಾನು ಹಾಗೆ ಅಂದುಕೊಂಡು ಕೆಟ್ಟವನು. ನಮ್ಮ ಮನೆಯ ಪಡುವಣ ಕಿಡಕಿಗೆ ಒಂದು ಅಡ್ಡೆಯಿಂದ ಒಳ್ಳೆ ಬೆಲೆ ಕೊಟ್ಟು ಸಾಗವಾನಿ ತಂದೆ. ಸಾಗವಾನಿಯೇ ಹೌದು, ಮೋಸ ಇರಲಿಲ್ಲ, ಆದರೆ ಹಸಿ. ಜನವರಿಯಲ್ಲಿ ಮಾಡಿಸಿದ ಕದ, ಮೇ ಬರುವಷ್ಟರಲ್ಲಿ ಎರಡು ಕದಗಳ ನಡುವೆ ಕಿರುಬೆರಳು ತೂರುವಷ್ಟು ಸಂದು, ಮೇಲಿನ ಮೂಲೆ ಹೊರಗೆ ಬಾಗಿತ್ತು. ಅದರ ಒಂದು ಅಂಚಿನ ಉದ್ದಕ್ಕೂ ಬಿಳಿ ಪಟ್ಟೆ ಬೇರೆ. ಮುಂದಿನ ವರ್ಷ ಆ ಬಿಳಿ ಪಟ್ಟೆಯಿಂದ ಮಾತ್ರ ಹಿಟ್ಟು ಉದುರತೊಡಗಿತು, ಪಕ್ಕದ ಕಂದು ಭಾಗಕ್ಕೆ ಒಂದು ತೂತೂ ಇಲ್ಲ.

ಆ ಬಿಳಿ ಭಾಗ ತೊಗಟೆಯ ಕೆಳಗಿನ ಎಳೇ ಮರ. ತೇಗದ ಹೆಸರು ಉಳಿಸುವ ಎಣ್ಣೆ ಇರುವುದು ಕಂದು ತಿರುಳಿನಲ್ಲಿ. ಆದ್ದರಿಂದ ಅಡ್ಡೆಯಲ್ಲಿ ಹಲಗೆಯ ನಾಲ್ಕೂ ಮುಖ ತಿರುಗಿಸಿ ನೋಡಿ, ಬಿಳಿ ಕಂಡರೆ ಬೇರೆ ಹಲಗೆ ಕೇಳಿ. ನಾಚಿಕೊಳ್ಳಬೇಡಿ, ದುಡ್ಡು ನಿಮ್ಮದು. ಆಮೇಲೆ ಹಲಗೆಯ ತುದಿ ನೋಡಿ, ಉಂಗುರಗಳು ಕಾಣುತ್ತವೆ. ಉಂಗುರದ ಗೆರೆಗಳು ಹಲಗೆಯ ಅಗಲಕ್ಕೆ ಅಡ್ಡಲಾಗಿ ನೆಟ್ಟಗೆ ನಿಂತಿದ್ದರೆ ಎತ್ತಿಕೊಳ್ಳಿ, ನಗುವ ಬಾಯಿಯ ಹಾಗೆ ಬಾಗಿದ್ದರೆ ಬಿಡಿ. ಹಸಿ ತೇಗ ಪೂರ್ತಿ ಒಣಗಿದಾಗ ಉಂಗುರದ ಗುಂಟ ಶೇಕಡಾ 5ಕ್ಕಿಂತ ಜಾಸ್ತಿ ಕುಗ್ಗುತ್ತದೆ, ಉಂಗುರಕ್ಕೆ ಅಡ್ಡ ಅದರ ಅರ್ಧದಷ್ಟು. ಹಲಗೆ ಬಾಗುವುದು ಈ ವ್ಯತ್ಯಾಸದಿಂದಲೇ.

ಒಣಗಿದೆಯೋ ಇಲ್ಲವೋ ಅನ್ನುವುದಕ್ಕೆ ಅಡ್ಡೆಯವರ ಬಾಯಿ ಮಾತು ನಂಬಬೇಡಿ. ತೇವ ಅಳೆಯುವ ಮೀಟರ್ ಸಿಕ್ಕರೆ ಶೇಕಡಾ 10ರಿಂದ 12 ತೋರಿಸಬೇಕು. ಸಿಗದಿದ್ದರೆ ಹಲಗೆಯ ನಡುಭಾಗದಿಂದ ಒಂದು ಗೇಣು ತುಂಡು ಕೊಯ್ಯಿಸಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ತೂಕವನ್ನು ತುಂಡಿನ ಮೇಲೇ ಪೆನ್ಸಿಲಲ್ಲಿ ಬರೆಯಿರಿ. ವಾರಕ್ಕೊಮ್ಮೆ ತೂಗಿ. ಮೂರು ವಾರ ತೂಕ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಕೆಲಸ ಶುರು ಮಾಡಿಸಿ. ಇಳಿಯುತ್ತಿದ್ದರೆ ಹಲಗೆಗಳ ನಡುವೆ ಚಿಕ್ಕ ಕಟ್ಟಿಗೆ ಇಟ್ಟು ನೆರಳಲ್ಲಿ ಪೇರಿಸಿ, ತುದಿಗಳಿಗೆ ಸಗಣಿ ಇಲ್ಲವೇ ಬಣ್ಣ ಬಳಿದು ಮೂರು ನಾಲ್ಕು ತಿಂಗಳು ಬಿಡಿ. ಬೇಗ ಒಣಗಲಿ ಅಂತ ಬಿಸಿಲಿಗೆ ಹಾಕಿದರೆ ತುದಿ ಸೀಳುತ್ತದೆ.

ಆದರೆ ಅಡ್ಡೆಗೆ ಹೋಗುವ ಮೊದಲು ಇನ್ನೊಂದು ಮಾಡಿ. ನಿಮ್ಮ ಸುತ್ತಲಿನ ಊರುಗಳಲ್ಲಿ ಹಳೇ ಮಾಳಿಗೆ ಮನೆಗಳನ್ನು ಕೆಡವುತ್ತಲೇ ಇದ್ದಾರೆ. ಆ ಮನೆಗಳ ತೊಲೆ, ಜಂತಿಗಳಲ್ಲಿ ಸಾಗವಾನಿ ಇರುತ್ತದೆ, ಎಪ್ಪತ್ತು ಎಂಬತ್ತು ವರ್ಷ ಒಲೆಯ ಹೊಗೆ ಕುಡಿದು ಒಣಗಿದ ಮರ. ಮೇಲೆ ಮಸಿ, ಗೆದ್ದಲಿನ ಮಣ್ಣು, ನೋಡಿದರೆ ಸೌದೆ ಅನ್ನಿಸುತ್ತದೆ. ಬಾಚಿಯಿಂದ ಒಂದು ಚಕ್ಕೆ ಎಬ್ಬಿಸಿ ನೋಡಿ. ಒಳಗೆ ಜೇನಿನ ಬಣ್ಣ, ಹಳೇ ಚರ್ಮದ ವಾಸನೆ, ಕೈಗೆ ಸ್ವಲ್ಪ ಜಿಡ್ಡು ತಾಗಿದರೆ ಸಾಗವಾನಿ. ಗೋಡೆಯೊಳಗೆ ಹುದುಗಿದ್ದ ತುದಿಗಳನ್ನು ಮಾತ್ರ ಒಂದೊಂದು ಮೊಳ ಕತ್ತರಿಸಿ ಬಿಸಾಡಿ. ಕೊಯ್ಯುವ ಮೊದಲು ಮೊಳೆ ಹುಡುಕಿ ಕಿತ್ತುಬಿಡಿ, ಇಲ್ಲದಿದ್ದರೆ ಮಿಲ್ಲಿನವರು ಗರಗಸ ಮುರಿದದ್ದಕ್ಕೆ ನಿಮ್ಮ ಮೇಲೇ ಹರಿಹಾಯುತ್ತಾರೆ.

ಎಷ್ಟು ಬೇಕು ಅಂತಲೂ ಹೇಳಿಬಿಡುತ್ತೇನೆ. ಕಿಡಕಿ 4 ಅಡಿ ಎತ್ತರ, 3 ಅಡಿ ಅಗಲ ಅಂದುಕೊಳ್ಳಿ. ಎರಡು ಕದಕ್ಕೆ ನಿಲುವು ಪಟ್ಟಿ 16 ಅಡಿ, ಕದಕ್ಕೆ ಮೂರರಂತೆ ಅಡ್ಡಪಟ್ಟಿ 9 ಅಡಿ, ಒಟ್ಟು 25 ಅಡಿ. ಕೊಯ್ದ ಅಳತೆ 3 ಇಂಚು, ಒಂದೂವರೆ ಇಂಚು ಹಿಡಿದರೆ ಒಂದು ಕಿಡಕಿಗೆ ಮುಕ್ಕಾಲು ಘನ ಅಡಿಗಿಂತ ತುಸು ಜಾಸ್ತಿ. ಆರು ಕಿಡಕಿಗೆ, ಹಾಳಾಗುವುದನ್ನೂ ಸೇರಿಸಿ, ಆರು ಘನ ಅಡಿ ಸಾಕು. ಹತ್ತು ಬೇಕು ಅಂದವರಿಗೆ ಈ ಲೆಕ್ಕ ತೋರಿಸಿ. ಮೂಲೆಗಳಿಗೆ ಬರೀ ಫೆವಿಕಾಲ್ ಮೊಳೆ ಬೇಡ, ಹಳೇ ಕದದ ಹಾಗೆ ತೂತು ಕೊರೆದು ಕೂಡಿಸಿ ಬಿದಿರಿನ ಗೂಟ ಹೊಡೆಸಿ. ತೇಗದ ಜಿಡ್ಡಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಅಂಟು ಹಚ್ಚುವುದಾದರೆ ರಂದಾ ಹೊಡೆದ ದಿನವೇ ಹಚ್ಚಬೇಕು.

ಪ್ರಶ್ನೆ: ಜೇವರ್ಗಿ ಕಡೆಯವರು ನಾವು. ಒಳ್ಳೆ ಒಣ ಸಾಗವಾನಿಯ ಕದ, ಆದರೂ ಬೇಸಿಗೆಯಲ್ಲಿ ಹಾಕಲು ಬರುವುದಿಲ್ಲ. ಮರ ಬದಲಿಸಬೇಕೇ?

ಉತ್ತರ: ಬೇಸಿಗೆಯಲ್ಲಾ? ಹಾಗಾದರೆ ಮರದ ತಪ್ಪು ಇರಲಾರದು. ಮರ ಉಬ್ಬುವುದು ಮಳೆಗಾಲದಲ್ಲಿ, ಬೇಸಿಗೆಯಲ್ಲಿ ಅದು ಸಡಿಲವಾಗಬೇಕು. ನಿಮ್ಮ ಮನೆ ಎರೆ ಮಣ್ಣಿನ ಮೇಲಿದ್ದರೆ ಬೇಸಿಗೆಯಲ್ಲಿ ನೆಲ ಕುಗ್ಗಿ ಬಿರುಕು ಬಿಡುತ್ತದೆ, ಗೋಡೆ ಒಂದು ಕಡೆ ಕೂರುತ್ತದೆ, ಚೌಕಟ್ಟು ಓರೆಯಾಗುತ್ತದೆ. ಒಂದು ದಾರ ತೊಗೊಂಡು ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡು ಅಳತೆಯಲ್ಲಿ ಅರ್ಧ ಇಂಚು ವ್ಯತ್ಯಾಸ ಬಂದರೆ ಬಡಿಗೇರರ ಬದಲು ಗೌಂಡಿಯನ್ನು ಕರೆಸಿ. ಅಲ್ಲಿಯವರೆಗೆ ಸುಮ್ನೆ ಕದ ಕೆತ್ತಿಸಬೇಡಿ, ಮಳೆ ಬಂದ ಮೇಲೆ ಸಂದು ಬೀಳುತ್ತದೆ.

ಪ್ರಶ್ನೆ: ಶಹಾಪುರ ಹತ್ತಿರ ನಮ್ಮ ಬದುವಿನ ಮೇಲೆ 12 ವರ್ಷದ ತೇಗದ ಗಿಡಗಳಿವೆ. ಕಡಿದು ಕಿಡಕಿ ಮಾಡಿಸಬಹುದೇ?

ಉತ್ತರ: ಆ ವಯಸ್ಸಿಗೆ ಬಿಳಿ ಭಾಗವೇ ಜಾಸ್ತಿ ಇರುತ್ತದೆ, ತಿರುಳು ಇನ್ನೂ ಸಣ್ಣದು. ಬೆಳೆಯಲು ಬಿಡಿ. ಮುಂದೆ ಕಡಿಯುವಾಗಲೂ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಹೊಲ ನಿಮ್ಮದಾದರೂ ಅರಣ್ಯ ಇಲಾಖೆಯಲ್ಲಿ ಮೊದಲು ಕೇಳಿಕೊಳ್ಳಿ.

ಪ್ರಶ್ನೆ: ಬೀದರದಲ್ಲಿ ಹೊಸ ತೇಗದ ಕದ ಹಾಕಿಸಿದ್ದೇವೆ. ಪಾಲಿಶ್ ಒಳ್ಳೆಯದೋ ಎಣ್ಣೆ ಒಳ್ಳೆಯದೋ?

ಉತ್ತರ: ಮೊದಲು ಕಿಡಕಿಯ ಮೇಲೆ ಛಜ್ಜಾ ಇದೆಯಾ ನೋಡಿ. ನಿಮ್ಮೂರ ಕೋಟೆಯ ರಂಗೀನ್ ಮಹಲಿನಲ್ಲಿ ಕೆತ್ತನೆಯ ಮರದ ಕಂಬಗಳಿವೆಯಲ್ಲ, 16ನೇ ಶತಮಾನದವು, ಅವು ಉಳಿದದ್ದಕ್ಕೆ ಒಂದು ಕಾರಣ ಅವು ಸೂರಿನ ಕೆಳಗಿರುವುದು. ಒಂದೂವರೆ ಅಡಿ ಛಜ್ಜಾ ಯಾವ ಪಾಲಿಶ್‌ಗಿಂತಲೂ ಮೇಲು. ಹೊಳೆಯುವ ಪಾಲಿಶ್ ಬಿಸಿಲಿಗೆ ಪೊರೆ ಏಳುತ್ತದೆ, ಆಮೇಲೆ ಪೂರ್ತಿ ಕೆರೆದು ತೆಗೆಯಬೇಕು. ನಾನು ಹಚ್ಚುವುದು ಕಾಯಿಸಿದ ಅಗಸೆ ಎಣ್ಣೆ, ಬಣ್ಣದ ಅಂಗಡಿಯಲ್ಲಿ ಸಿಗುತ್ತದೆ, ವರ್ಷಕ್ಕೊಮ್ಮೆ ಮಳೆಗೆ ಮುಂಚೆ. ಕದದ ಕೆಳಗಿನ ಅಂಚಿಗೆ ಮರೆಯದೆ ಹಚ್ಚಿ, ಕೊಳೆಯುವುದು ಅಲ್ಲಿಂದಲೇ, ಅದನ್ನು ಯಾರೂ ಬಗ್ಗಿ ನೋಡುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ, ಹೊರಗೆ ಬಿಡಿಸಿ ಒಣಹಾಕಿ.