ಮುಂಬೈ ಶಾಲೆಗೆ ಮಗನನ್ನು ಸೇರಿಸುವ ಮೊದಲು

ಅಕ್ಕಾ ಅಂತ ಕರೆದು ಬರೆದಿದ್ದೀರಿ, ಹಾಗಾಗಿ ಅಕ್ಕನ ಹಾಗೆಯೇ ಹೇಳುತ್ತೇನೆ. ಮೈಸೂರಿನಿಂದ ಮುಂಬೈಗೆ ವರ್ಗವಾಗಿದೆ, ಮಗನಿಗೆ ಐದೂವರೆ ವರ್ಷ, ಆಟಿಸಂ ಇದೆ, ಮಾತು ಕಡಿಮೆ. ಶಾಲೆಯವರಿಗೆ ಮೊದಲೇ ಹೇಳಬೇಕಾ, ಮನೆಯಲ್ಲಿ ಕನ್ನಡ ನಿಲ್ಲಿಸಬೇಕಾ ಅಂತ ಕೇಳಿದ್ದೀರಿ. ಹೇಳಲೇಬೇಕು. ಕನ್ನಡ ಮಾತ್ರ ದಯವಿಟ್ಟು ನಿಲ್ಲಿಸಬೇಡಿ.

ನಾವು ನಿಲ್ಲಿಸಿದ್ದೆವು. ಮುಂಬೈನ ಮುಲುಂಡ್‌ಗೆ ಬಂದ ಎರಡನೇ ವರ್ಷ, ಆಟಿಸಂ ಇರುವ ನನ್ನ ಮಗಳನ್ನು ಸೇರಿಸಿದ ಶಾಲೆಯವರು ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ ಅಂದರು. ನಂಬಿದೆವು. ನನ್ನ ಅತ್ತೆಗೆ ಇಂಗ್ಲಿಷ್ ಬಾರದು. ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಸುಮ್ನೆ ಇರುತ್ತಿದ್ದರು. ಎಂಟು ತಿಂಗಳಲ್ಲಿ ಮಗಳು ಇದ್ದ ಹತ್ತು ಮಾತನ್ನೂ ಬಿಟ್ಟಳು. ಆಮೇಲೆ ಒಬ್ಬ ಸ್ಪೀಚ್ ಥೆರಪಿಸ್ಟ್ ಕೇಳಿದರು, 'ಮಗು ಅತ್ತರೆ ಯಾವ ಭಾಷೆಯಲ್ಲಿ ಸಮಾಧಾನ ಮಾಡುತ್ತೀರಿ? ಅದರಲ್ಲೇ ಮಾತಾಡಿ.' ಎರಡು ಭಾಷೆ ಕೇಳುತ್ತಾ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಅಂತ ಅವರು ಬಿಡಿಸಿ ಹೇಳಿದ ಮೇಲೆಯೇ ನನಗೆ ಧೈರ್ಯ ಬಂತು.

ಆದರೆ ಶಾಲೆಯಲ್ಲಿ ನಿಮ್ಮ ಮಗನ ಕನ್ನಡ ಯಾರಿಗೂ ಅರ್ಥವಾಗುವುದಿಲ್ಲ. ಅದಕ್ಕೆ ಒಂದು ಹಾಳೆ ಮಾಡಿ. ಅವನು ಆಡುವ ಮಾತುಗಳನ್ನು ದೇವನಾಗರಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆದು, ಮುಂದೆ ಅರ್ಥ ಬರೆಯಿರಿ: ನೀರು, ಸಾಕು, ಬೇಡ, ನೋವು. ನನ್ನ ಮಗಳು ತರಗತಿಯಲ್ಲಿ 'ಕಕ್ಕ' ಅನ್ನುತ್ತಿದ್ದಳು. ಮರಾಠಿಯಲ್ಲಿ ಕಾಕಾ ಅಂದರೆ ಚಿಕ್ಕಪ್ಪ. ವ್ಯಾನ್ ಓಡಿಸುವ ಕಾಕಾನನ್ನು ಕರೆಯುತ್ತಿದ್ದಾಳೆ ಅಂದುಕೊಂಡು ಟೀಚರ್ 'ಆಮೇಲೆ ಬರುತ್ತಾರೆ' ಅನ್ನುತ್ತಿದ್ದರಂತೆ. ಮಗು ಬಟ್ಟೆಯಲ್ಲೇ ಮಾಡಿಕೊಂಡು ಅಳುತ್ತಾ ಮನೆಗೆ ಬರುತ್ತಿತ್ತು. ಮೂರು ವಾರ ನಮಗೆ ಗೊತ್ತೇ ಆಗಲಿಲ್ಲ. ಆ ಹಾಳೆ ಒಂದನ್ನು ಟೀಚರ್‌ಗೆ, ಇನ್ನೊಂದನ್ನು ಆಯಾಬಾಯಿಗೆ ಕೊಡಿ. ಆಯಾಬಾಯಿಗೆ ಕೊಡುವುದು ಹೆಚ್ಚು ಮುಖ್ಯ.

ಮುಚ್ಚಿಟ್ಟು ಸೇರಿಸಿದರೆ ಇಂಥ ಹಾಳೆ ಕೊಡಲೂ ಆಗುವುದಿಲ್ಲ ಅಲ್ವಾ? ಕಾನೂನೂ ನಿಮ್ಮ ಕಡೆಗಿದೆ. ಸರ್ಕಾರದ ಮಾನ್ಯತೆ ಇರುವ ಶಾಲೆ ಅಂಗವೈಕಲ್ಯದ ಕಾರಣಕ್ಕೆ ಭೇದ ಮಾಡದೆ ಪ್ರವೇಶ ಕೊಡಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಸರ್ಟಿಫಿಕೇಟ್ ಇದ್ದರೆ, 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ನೀವು ಆರಿಸಿದ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕಿದೆ. ಖಾಸಗಿ ಶಾಲೆಗಳಲ್ಲಿ ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಮೀಸಲಿಡುವ ಶೇ 25 ಸೀಟುಗಳಿಗೂ ಅರ್ಜಿ ಹಾಕಬಹುದು. ಅದು ಆನ್‌ಲೈನ್ ಲಾಟರಿ, ಇಲ್ಲಿನ ವಿಳಾಸದ ದಾಖಲೆ ಬೇಕು. ಶಾಲೆ ತೆರೆಯುವ ಎಷ್ಟೋ ಮೊದಲೇ ಅರ್ಜಿ ಕರೆಯುತ್ತಾರೆ. ಹಾಗಾಗಿ ಬಾಡಿಗೆ ಕರಾರನ್ನು ಬೇಗ ರಿಜಿಸ್ಟರ್ ಮಾಡಿಸಿ. ಯುಡಿಐಡಿ ಕಾರ್ಡ್, ಅಂದರೆ ಅಂಗವೈಕಲ್ಯದ ಗುರುತಿನ ಚೀಟಿ, ಮೈಸೂರಿನಲ್ಲೇ ಆಗಿದ್ದರೆ ಅದು ಇಲ್ಲೂ ನಡೆಯುತ್ತದೆ.

ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿದ್ದೀರಿ ಅಂದಿರಲ್ಲ, ಅಲ್ಲಿನ ಎಲ್ಲ ರಿಪೋರ್ಟ್ ತನ್ನಿ. ಇಲ್ಲಿ ಬಾಂದ್ರಾದಲ್ಲಿ ಅಂಥದ್ದೇ ಅಲಿ ಯಾವರ್ ಜಂಗ್ ವಾಕ್ ಶ್ರವಣ ಸಂಸ್ಥೆ ಇದೆ, ಅದೂ ಕೇಂದ್ರ ಸರ್ಕಾರದ್ದೇ. ಆಟಿಸಂನಂಥ ಅಂಗವೈಕಲ್ಯ ಇರುವವರಿಗಾಗಿ ಇರುವ ನಿರಾಮಯ ಆರೋಗ್ಯ ವಿಮೆ ಮಾಡಿಸಿ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಯ ಖರ್ಚಿಗೂ ಆಗುತ್ತದೆ.

ಮನೆಯನ್ನು ಶಾಲೆಯ ಹತ್ತಿರ ಹಿಡಿಯಿರಿ, ಯಜಮಾನರ ಆಫೀಸಿನ ಹತ್ತಿರ ಅಲ್ಲ. ದೊಡ್ಡವರು ಲೋಕಲ್ ರೈಲಿನಲ್ಲಿ ಒಂದು ಗಂಟೆ ನಿಂತು ಹೋಗಬಹುದು, ಆ ಗದ್ದಲ ಮಗುವಿಗೆ ಆಗುವುದಿಲ್ಲ. ಇನ್ನೊಂದು ಮಾತು. ಇಲ್ಲಿ ರಾಜ್ಯ ಮಂಡಳಿ ಶಾಲೆಗಳು ಜೂನ್ ಮಧ್ಯದಲ್ಲಿ ತೆರೆಯುತ್ತವೆ, ಸರಿಯಾಗಿ ಮಳೆ ಹಿಡಿಯುವ ಹೊತ್ತಿಗೆ. ಹೊಸ ಶಾಲೆ, ಹೊಸ ಮುಖ, ಮೈಗೆ ಅಂಟುವ ರೇನ್‌ಕೋಟ್, ಒದ್ದೆ ಬೂಟು, ಎಲ್ಲ ಒಂದೇ ದಿನ ಬಂದರೆ ಅವನು ತಡೆದುಕೊಳ್ಳುವುದು ಕಷ್ಟ. ಮೇ ತಿಂಗಳಲ್ಲೇ ಮನೆಯೊಳಗೆ ದಿನಾ ಹತ್ತು ನಿಮಿಷ ರೇನ್‌ಕೋಟ್ ಹಾಕಿಸಿ. ಶಾಲೆಯ ಗೇಟಿನವರೆಗೆ ನಡೆಸಿಕೊಂಡು ಹೋಗಿ ಬನ್ನಿ. ವಾಚ್‌ಮನ್‌ಗೆ ಅವನ ಮುಖ ಪರಿಚಯವಾಗಲಿ.

ಯಾವ ಸ್ಟೇಷನ್ ಹತ್ತಿರ ಮನೆ ನೋಡುತ್ತಿದ್ದೀರಿ ಅಂತ ತಿಳಿಸಿ. ಸೆಂಟ್ರಲ್ ಲೈನ್ ಕಡೆಯಾದರೆ ಶಾಲೆಗಳನ್ನು ನೋಡಲು ನಾನೇ ಜೊತೆಗೆ ಬರುತ್ತೇನೆ, ಮರಾಠಿಯಲ್ಲಿ ನಾನು ಮಾತಾಡಿದರೆ ನಿಮಗೆ ಸುಲಭವಾಗುತ್ತದೆ.