ಗೌರಿ ಹೂವಿನ ಬಣ್ಣ ಬಿಡಿ, ಲೇಬಲ್ ಬರೆದಿದ್ದೀರಾ?

ಗೌರಿ ಹೂವಿನ ಬಳ್ಳಿಯನ್ನು ಹರ್ಬೇರಿಯಂಗೆ, ಅಂದರೆ ಒಣಗಿಸಿದ ಗಿಡಗಳನ್ನು ಅಧ್ಯಯನಕ್ಕಾಗಿ ಕಾದಿಡುವ ಸಂಗ್ರಹಕ್ಕೆ, ಒಣಗಿಸುವಾಗ ಆ ಕೆಂಪು ಉಳಿಯೋದು ಹೇಗೆ ಅಂತ ಕೇಳಿದ್ದೀರಿ. ಎಂ.ಎಸ್ಸಿ. ಓದುವಾಗ ನಾನೂ ಅದರ ಹಿಂದೆಯೇ ಬಿದ್ದಿದ್ದೆ.

ಭಾದ್ರಪದದ ಮಳೆ. ಬೆಳಿಗ್ಗೆ ತೀರ್ಥಹಳ್ಳಿ ಕಡೆ ಒಂದು ಬೇಲಿಯಲ್ಲಿ, ಮಧ್ಯಾಹ್ನ ಹೊಸನಗರದ ಹತ್ತಿರ ಕಾಡಂಚಿನಲ್ಲಿ ಬಳ್ಳಿ ಕತ್ತರಿಸಿಕೊಂಡೆ. ಬಣ್ಣ ಕೆಡಬಾರದು ಅಂತ ತಕ್ಷಣ ಪೇಪರ್ ನಡುವೆ ಇಟ್ಟು, ಗಿಡ ಒತ್ತಿ ಒಣಗಿಸುವ ಪ್ರೆಸ್ ಬಿಗಿದೆ. ನೋಟ್‌ಬುಕ್ ನೆನೆಯುತ್ತೆ ಅಂತ ಚೀಲದಿಂದ ತೆಗೆಯಲೇ ಇಲ್ಲ. ನಂಬರ್ ಚೀಟಿಯನ್ನೂ ಕಟ್ಟಲಿಲ್ಲ. ಎರಡೇ ಜಾಗ ಅಲ್ವಾ, ನೆನಪಿರುತ್ತೆ ಅಂದುಕೊಂಡೆ.

ಹಾಸ್ಟೆಲ್‌ನಲ್ಲಿ ದಿನಾ ಒದ್ದೆ ಪೇಪರ್ ಬದಲಿಸಿದೆ. ಬದಲಿಸುವಾಗ ಹಾಳೆಗಳ ಸಾಲು ಹಿಂದೆಮುಂದಾಯಿತು. ಒಂದು ವಾರದ ಮೇಲೆ ಲೇಬಲ್ ಬರೆಯಲು ಕೂತರೆ ಯಾವುದು ಬೇಲಿಯದು, ಯಾವುದು ಕಾಡಿನದು ಗೊತ್ತಾಗಲಿಲ್ಲ. ಹೂವೆಲ್ಲ ಚಹಾ ಚರಟದ ಬಣ್ಣಕ್ಕೆ ತಿರುಗಿತ್ತು. ಊಹೆಯಿಂದ ಬರೆದೆ, ಒಂದಕ್ಕೆ ತಾಲ್ಲೂಕು ಹಾಕದೆ ಬರೀ ಊರಿನ ಹೆಸರು, 'ಹೊಸಹಳ್ಳಿ' ಅಂತ. ನಮ್ಮ ರಾಜ್ಯದಲ್ಲಿ ಹೊಸಹಳ್ಳಿಗಳಿಗೆ ಲೆಕ್ಕ ಇದೆಯಾ? ಹರ್ಬೇರಿಯಂನವರು ಎರಡೂ ಹಾಳೆ ವಾಪಸ್ ಕೊಟ್ಟರು. ಅವರು ಮಾಡಿದ್ದು ಸರಿ. ಮರುವರ್ಷ ಹೋದರೆ ರಸ್ತೆ ಅಗಲ ಮಾಡಲು ಆ ಬೇಲಿ ಕಿತ್ತಿದ್ದರು. ಅಲ್ಲಿ ಆ ಬಳ್ಳಿ ಇತ್ತು ಅನ್ನೋದಕ್ಕೆ ಈಗ ಯಾವ ದಾಖಲೆಯೂ ಇಲ್ಲ.

ಅದಕ್ಕೇ ಹೇಳ್ತೀನಿ, ಬಣ್ಣ ಉಳಿಸುವ ಪ್ರಯತ್ನ ಬಿಡಿ. ಅಷ್ಟಕ್ಕೂ ಯಾವ ಬಣ್ಣ ಉಳಿಸ್ತೀರಿ? ಈ ಹೂವು ಅರಳುವಾಗ ಹಸಿರು ಮಿಶ್ರಿತ ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಕಡುಗೆಂಪು. ಒಂದೇ ಬಳ್ಳಿಯಲ್ಲಿ ಮೂರೂ ಸಿಗುತ್ತೆ. ಕಂಡದ್ದನ್ನು ನಿಂತಲ್ಲೇ ಬರೆಯಿರಿ, ಪೆನ್ಸಿಲ್‌ನಲ್ಲಿ. ಮಳೆಗೆ ಇಂಕಿನಂತೆ ಹರಡಲ್ಲ. ದಿನಾಂಕ, ಊರು, ತಾಲ್ಲೂಕು, ಜಿಪಿಎಸ್, ಎತ್ತರ, ಬೇಲಿಯೋ ಕಾಡೋ, ನಿಮ್ಮ ಹೆಸರು, ಸಂಗ್ರಹ ಸಂಖ್ಯೆ. ಅದೇ ಸಂಖ್ಯೆಯ ಚೀಟಿಯನ್ನು ಬಳ್ಳಿಗೂ ಕಟ್ಟಿ.

ಇನ್ನೊಂದು, ಗೆಡ್ಡೆ ಅಗೆಯಬೇಡಿ. ಅದರಲ್ಲಿ ಕಾಲ್ಚಿಸಿನ್ ವಿಷ ಇದೆ, ಕಿತ್ತರೆ ಆ ಗಿಡವೂ ಹೋಯಿತು. 42 ಸೆಂಟಿಮೀಟರ್ ಉದ್ದದ ಹಾಳೆಗೆ ಹೂವಿರುವ ಒಂದು ಕವಲು ಸಾಕು. ಎಲೆಯ ತುದಿ ಸುರುಳಿಯಾಗಿ ಬೇಲಿ ಹಿಡಿದಿರುತ್ತಲ್ಲ, ಅದು ಮಾತ್ರ ಮುರಿಯದ ಹಾಗೆ ಬಿಡಿಸಿಕೊಳ್ಳಿ.