ವಿಷಕ್ಕೆ ಬಗ್ಗದ ಸೊಳ್ಳೆಗಳು

ಪ್ರಶ್ನೆ: ಡೆಂಗಿ ಹರಡುವ ಸೊಳ್ಳೆಗಳು ಈಗ ಕೀಟನಾಶಕಕ್ಕೆ ಸಾಯುತ್ತಿಲ್ಲ ಎಂದು ಓದಿದೆ. ಅವಕ್ಕೆ ವಿಷ ಒಗ್ಗಿಹೋಗುತ್ತದೆಯೇ? ಔಷಧದ ಪ್ರಮಾಣವನ್ನು ಹೆಚ್ಚಿಸಿದರೆ ಸಾಲದೇ?

ಉತ್ತರ: ಯಾವ ಸೊಳ್ಳೆಯೂ ತನ್ನ ಕೆಲವೇ ವಾರಗಳ ಆಯುಸ್ಸಿನಲ್ಲಿ ವಿಷಕ್ಕೆ ಒಗ್ಗಿಕೊಂಡು ಈ ಶಕ್ತಿಯನ್ನು ಪಡೆಯುವುದಿಲ್ಲ, ಬದಲಾಗುವುದು ಸಂತತಿ. ಹುಟ್ಟಿನಿಂದಲೇ ವಿಷವನ್ನು ತಾಳಬಲ್ಲ ಕೆಲವು ಸೊಳ್ಳೆಗಳು ಸಿಂಪಡಣೆಯ ನಂತರ ಉಳಿದು ಮೊಟ್ಟೆಯಿಡುತ್ತವೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯೊಡೆದು ಬಂದ ಮರಿ 7ರಿಂದ 10 ದಿನಗಳಲ್ಲಿ ಹಾರುವ ಸೊಳ್ಳೆಯಾಗುವುದರಿಂದ, ತಲೆಮಾರುಗಳು ಬೇಗ ಉರುಳಿ, ಆ ಗುಣವುಳ್ಳವುಗಳೇ ಹೆಚ್ಚುತ್ತವೆ.

ಡೆಂಗಿ, ಚಿಕುನ್‌ಗುನ್ಯಾ ಮತ್ತು ಝಿಕಾ ವೈರಸ್‌ಗಳನ್ನು ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಯ ಮೇಲೆ ಹೆಚ್ಚಾಗಿ ಬಳಕೆಯಾಗುವುದು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು. ಇವು ನರಕೋಶದೊಳಕ್ಕೆ ಸೋಡಿಯಂ ಬಿಡುವ ಬಾಗಿಲಿನಂತಿರುವ ಸೋಡಿಯಂ ವಾಹಿನಿಗೆ ಅಂಟಿಕೊಂಡು ಅದನ್ನು ಮುಚ್ಚಗೊಡದೆ, ಸೊಳ್ಳೆಯನ್ನು ನಡುಗಿಸಿ ಕೆಡವುತ್ತವೆ. ಆ ವಾಹಿನಿಯ ಪ್ರೋಟೀನಿನ 1534ನೆಯ ಸ್ಥಾನದಲ್ಲಿ ಫಿನೈಲ್‌ಅಲನೈನ್ ಬದಲು ಸಿಸ್ಟೀನ್ ಎಂಬ ಅಮೈನೊ ಆಮ್ಲ ಬಂದರೆ, ಅಷ್ಟರಿಂದಲೇ ಕೆಲವು ಪೈರೆಥ್ರಾಯ್ಡ್‌ಗಳ ಹಿಡಿತ ಸಡಿಲವಾಗುತ್ತದೆ. ಡಿಡಿಟಿಯೂ ಇದೇ ವಾಹಿನಿಯನ್ನು ಕೆಡಿಸುವ ವಿಷವಾದ್ದರಿಂದ, ಒಂದನ್ನು ತಾಳುವ ಸೊಳ್ಳೆ ಅನೇಕ ವೇಳೆ ಇನ್ನೊಂದನ್ನೂ ತಾಳುತ್ತದೆ. ಇದಲ್ಲದೆ, ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳನ್ನು ಹೆಚ್ಚಾಗಿ ತಯಾರಿಸಿ, ವಿಷವು ನರವನ್ನು ತಲುಪುವ ಮೊದಲೇ ಅದನ್ನು ಒಡೆದುಹಾಕುವ ಸೊಳ್ಳೆಗಳೂ ಇವೆ.

ಈ ಎರಡೂ ಗುಣಗಳು ಒಂದೇ ಸೊಳ್ಳೆಯಲ್ಲಿ ಸೇರಿದಾಗ ಪ್ರಮಾಣ ಹೆಚ್ಚಿಸುವುದು ವ್ಯರ್ಥವಷ್ಟೇ ಅಲ್ಲ, ಅಪಾಯಕರವೂ ಹೌದು: ಸಾಯುವುದು ಜೇನ್ನೊಣದಂತಹ ಇತರ ಕೀಟಗಳು. ಅದೂ ಅಲ್ಲದೆ ಈ ಸೊಳ್ಳೆ ಹೆಚ್ಚಾಗಿ ಮನೆಯೊಳಗೆ, ಬಟ್ಟೆಗಳ ಮರೆಯಲ್ಲಿ ಕೂರುವುದರಿಂದ ಬೀದಿಯ ಫಾಗಿಂಗ್ ಹೊಗೆ ಅದನ್ನು ತಲುಪುವುದೇ ಕಷ್ಟ. ಕಣ್ಣಿಗೆ ಕಾಣುವ ಕ್ರಮವೆಂಬ ಕಾರಣಕ್ಕೇ ಅದಕ್ಕೆ ಅಷ್ಟು ಬೇಡಿಕೆಯಿರಬೇಕು.

ಸಿಂಪಡಿಸುವ ಮೊದಲು ಪರೀಕ್ಷಿಸುವುದು ಸರಿಯಾದ ಕ್ರಮ. ವಿಶ್ವ ಆರೋಗ್ಯ ಸಂಸ್ಥೆಯ ವಿಧಾನದಲ್ಲಿ, ಕೀಟನಾಶಕ ಲೇಪಿಸಿದ ಕಾಗದವಿರುವ ಕೊಳವೆಯೊಳಗೆ ಸೊಳ್ಳೆಗಳನ್ನು 1 ಗಂಟೆ ಇರಿಸಿ, 24 ಗಂಟೆಗಳ ನಂತರ ಸತ್ತವುಗಳನ್ನು ಎಣಿಸುತ್ತಾರೆ. ಸಾವು ಶೇ 90ಕ್ಕಿಂತ ಕಡಿಮೆಯಿದ್ದರೆ ನಿರೋಧಕತೆ ಖಚಿತ. ಆಗ ಬೇರೆ ಗುಂಪಿನ ರಾಸಾಯನಿಕಕ್ಕೆ ಹೋಗಬೇಕು. ಡೆಲ್ಟಾಮೆಥ್ರಿನ್ ಬಿಟ್ಟು ಸೈಫ್ಲುಥ್ರಿನ್ ಹಿಡಿದರೆ ಗುಂಪು ಬದಲಾಗದು, ಎರಡೂ ಪೈರೆಥ್ರಾಯ್ಡ್‌ಗಳೇ.

ಮರಿಗಳಿಗೆ ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿ ಉತ್ತಮ: ಅದರಲ್ಲಿ ಹಲವು ವಿಷಪ್ರೋಟೀನುಗಳು ಒಟ್ಟಿಗೆ ಇರುವುದರಿಂದ ನಿರೋಧಕತೆ ಬೆಳೆಯುವುದು ಕಷ್ಟ. ಮನೆಯಲ್ಲಾದರೆ ನೀರು ತುಂಬಿಟ್ಟ ಪಾತ್ರೆಗಳನ್ನು ವಾರಕ್ಕೊಮ್ಮೆ ಬರಿದುಮಾಡಿ, ಒಳಗೋಡೆಯನ್ನು ಉಜ್ಜಿ ತೊಳೆಯಿರಿ. ಅಲ್ಲಿ ಅಂಟಿರುವ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ.